ಬಿಸಿಲಿನ ಸೈಕಲ್ ಸವಾರಿಗೆ ಬಟ್ಟೆಯ ಆಯ್ಕೆ

ಬೇಸಿಗೆಯಲ್ಲಿ ಸೈಕಲ್ ತುಳಿಯುವವರ ಕತ್ತು, ಮುಂಗೈ ಮತ್ತು ತೊಡೆಗಳು ಗಂಟೆಗಟ್ಟಲೆ ನೇರ ಬಿಸಿಲಿಗೆ ಒಡ್ಡಿಕೊಂಡಿದ್ದರೂ, ಎದುರುಗಾಳಿ ಮೈಯನ್ನು ತಂಪಾಗಿಡುವುದರಿಂದ ಚರ್ಮ ಸುಡುತ್ತಿರುವುದು ಬೇಗನೆ ಅರಿವಿಗೆ ಬರುವುದಿಲ್ಲ.

ಹೀಗೆ ಚರ್ಮವನ್ನು ಸುಡುವ, ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನು ಬಟ್ಟೆ ಎಷ್ಟರಮಟ್ಟಿಗೆ ತಡೆಯುತ್ತದೆ ಎಂಬುದನ್ನು ಯುಪಿಎಫ್ ಎಂಬ ಅಳತೆ ತಿಳಿಸುತ್ತದೆ. ಯುಪಿಎಫ್ 50 ಎಂದರೆ, ಬಟ್ಟೆಯ ಮೇಲೆ ಬಿದ್ದ ಈ ಕಿರಣಗಳಲ್ಲಿ ಶೇ. 2ರಷ್ಟು ಮಾತ್ರ ಚರ್ಮವನ್ನು ತಲುಪುತ್ತವೆ ಎಂದರ್ಥ. ಈ ಅಳತೆಯ ಮಾನದಂಡವನ್ನು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ 1996ರಲ್ಲಿ ಜಂಟಿಯಾಗಿ ಪ್ರಕಟಿಸಿದವು.

ತೆಳುವಾದ ಬಿಳಿ ಹತ್ತಿ ಟೀ ಶರ್ಟ್ ಕಿರಣಗಳನ್ನು ಅಷ್ಟಾಗಿ ತಡೆಯುವುದಿಲ್ಲ. ಬೆವರಿನಿಂದ ಒದ್ದೆಯಾದಾಗ ಅದರ ರಕ್ಷಣೆ ಇನ್ನಷ್ಟು ಕುಗ್ಗುತ್ತದೆ. ಒತ್ತಾದ ಹೆಣಿಗೆಯ ಪಾಲಿಯೆಸ್ಟರ್ ಜೆರ್ಸಿಯಾದರೋ ಕಿರಣಗಳನ್ನು ಹೀರಿಕೊಳ್ಳುವುದರ ಜೊತೆಗೆ, ಬೆವರನ್ನು ಹೊರಮೈಗೆ ಸೆಳೆದು ಬೇಗ ಒಣಗುವುದರಿಂದ ದೇಹವನ್ನೂ ತಂಪಾಗಿಡುತ್ತದೆ.

ಗಾಢ ಬಣ್ಣಗಳು ಕಿರಣಗಳನ್ನು ಹೆಚ್ಚು ತಡೆದರೂ ಬಿಸಿಲಿನ ಶಾಖವನ್ನೂ ಹೀರುವುದರಿಂದ, ರಾಯಚೂರು, ಕಲಬುರಗಿಯಂತಹ ಊರುಗಳ ಬೇಸಿಗೆಗೆ ಯುಪಿಎಫ್ ಪಟ್ಟಿಯಿರುವ ತಿಳಿಬಣ್ಣದ ಬಟ್ಟೆಯೇ ಸೂಕ್ತ. ಬಟ್ಟೆ ಹಿಗ್ಗಿದಷ್ಟೂ ಎಳೆಗಳ ನಡುವಿನ ಸಂದು ಅಗಲವಾಗಿ ಕಿರಣಗಳು ಒಳನುಸುಳುತ್ತವೆಯಾದ್ದರಿಂದ, ಮೈಗೆ ವಿಪರೀತ ಬಿಗಿಯಾಗುವ ಅಳತೆಯನ್ನು ಆರಿಸಬಾರದು.

ಅಂಗಡಿಯಲ್ಲಿ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಾಗ ಆಚೆಗಿನದು ಸ್ಪಷ್ಟವಾಗಿ ಕಂಡರೆ, ಆ ಬಟ್ಟೆಯ ರಕ್ಷಣೆ ಕಡಿಮೆಯೆಂದೇ ತಿಳಿಯಬೇಕು. ತುಂಬುತೋಳಿನ ಜೆರ್ಸಿ ಅಥವಾ ತೋಳುಗವಸು, ಕತ್ತು ಮುಚ್ಚುವ ಎತ್ತರದ ಕಾಲರ್, ಬೆರಳು ಮುಚ್ಚುವ ಕೈಗವಸು, ಹೆಲ್ಮೆಟ್ಟಿನ ಕೆಳಗೆ ತೆಳುವಾದ ಟೋಪಿ, ಇವುಗಳ ಜೊತೆಗೆ ತೆರೆದುಳಿದ ಮುಖಕ್ಕೆ ಸನ್‌ಸ್ಕ್ರೀನ್ ಲೇಪಿಸಿಕೊಂಡು, ನಡುಹಗಲನ್ನು ಬಿಟ್ಟು ಮುಂಜಾನೆಯೇ ಹೊರಡುವ ಸವಾರರ ಚರ್ಮ ಸುರಕ್ಷಿತವಾಗಿರುತ್ತದೆ.