ಸತ್ತ ಮಂಗ ಬೆಸೆದ ನಂಟು

ಯಲ್ಲಾಪುರದ ನಂದೊಳ್ಳಿಯೇ ಇರಲಿ, ಶಿರಸಿ ಸಿದ್ದಾಪುರಗಳ ಹಳ್ಳಿಗಳೇ ಇರಲಿ, ಅಡಿಕೆ ತೋಟವಿದ್ದಲ್ಲಿ ಸೊಪ್ಪಿನ ಬೆಟ್ಟವೂ ಬೇಕು. ಸೊಪ್ಪಿಗೆ, ದರಕಿಗೆ, ಸೌದೆಗೆ ಜನರು ಕಾಡನ್ನು ಹೊಗಲೇಬೇಕು. ಆ ಕಾಡಿನಲ್ಲಿ ಮಂಗವೊಂದು ಸತ್ತುಬಿದ್ದಿತೆಂದರೆ ಊರಿಗೆ ಊರೇ ಬೆದರುತ್ತದೆ. ಈ ಭಯದ ಮೂಲವನ್ನು ಅರಿಯಲು ಹಲವು ದೇಶಗಳ ವಿಜ್ಞಾನಿಗಳು ಕೈಜೋಡಿಸಿದ ಸಂಗತಿಯನ್ನು ಬಲ್ಲವರು ವಿರಳ.

1957ರಲ್ಲಿ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು. ಸುತ್ತಲಿನ ಹಳ್ಳಿಗರು ತೀವ್ರ ಜ್ವರದಿಂದ ಹಾಸಿಗೆ ಹಿಡಿದರು. ಹಳದಿ ಜ್ವರವು ಭಾರತಕ್ಕೆ ಕಾಲಿಟ್ಟಿತೇ ಎಂಬ ಶಂಕೆ ಹುಟ್ಟಿತು. ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1952ರಲ್ಲಿ ಪುಣೆಯಲ್ಲಿ ಸ್ಥಾಪಿತವಾಗಿದ್ದ ವೈರಸ್ ಸಂಶೋಧನಾ ಕೇಂದ್ರದ ಟೆಲ್‌ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರು ಪರೀಕ್ಷೆಗೆ ತೊಡಗಿದರು. ಅದು ಹಳದಿ ಜ್ವರವಲ್ಲ, ಉಣುಗುಗಳಿಂದ ಹರಡುವ ಹೊಸದೊಂದು ವೈರಸ್ ಎಂಬುದು ಗೊತ್ತಾಯಿತು. ಅದರ ಹತ್ತಿರದ ಬಂಧುವಿದ್ದುದು ದೂರದ ರಷ್ಯದ ಕಾಡುಗಳಲ್ಲಿ!

ಸೈಬೀರಿಯದಿಂದ ಮಲೆನಾಡಿಗೆ ರೋಗವನ್ನು ತಂದವರಾರು? ವಲಸೆ ಹಕ್ಕಿಗಳಿರಬಹುದೇ? ವೈದ್ಯರ ಈ ಪ್ರಶ್ನೆ ಹಕ್ಕಿಗಳ ತಜ್ಞರ ಬಾಗಿಲನ್ನು ತಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಮುಂಬಯಿಯ ನಿಸರ್ಗ ಇತಿಹಾಸ ಸಂಘದ ಸಲೀಂ ಅಲಿಯವರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕಾರ್ಯವನ್ನು ಕೈಗೊಂಡರು. ಉಂಗುರ ತೊಟ್ಟ ಹಕ್ಕಿಗಳ ಸುದ್ದಿ ಸೋವಿಯತ್ ನಾಡಿನಿಂದಲೂ ಬಂದಿತು. ಹಕ್ಕಿಗಳೇ ರೋಗವನ್ನು ತಂದವೆಂಬುದು ಸಿದ್ಧವಾಗಲಿಲ್ಲ. ಆದರೆ ಭಾರತದ ಹಕ್ಕಿಗಳ ವಲಸೆಯ ದಾರಿಗಳು ಬೆಳಕಿಗೆ ಬಂದವು.

ಇತ್ತ ಮಲೆನಾಡಿನಲ್ಲಿ, ಕೊಲಂಬಿಯದ ಕಾಡುಗಳಲ್ಲಿ ಹಳದಿ ಜ್ವರವನ್ನು ಅಭ್ಯಸಿಸಿದ್ದ ಹೋರ್ಹೆ ಬೋಶೆಲ್ ಹಾಗೂ ಭಾರತದ ಕೀಟತಜ್ಞ ಪಿ. ಕೆ. ರಾಜಗೋಪಾಲನ್ ಉಣುಗುಗಳ ಜಾಡು ಹಿಡಿದರು. ಕಾಡಿನಲ್ಲಿ ಮೇಯುವ ದನಗಳ ರಕ್ತ ಹೀರಿ ಉಣುಗುಗಳು ಹೇರಳವಾಗಿ ವೃದ್ಧಿಸುತ್ತವೆಂದು ಬೋಶೆಲ್ ತೋರಿಸಿಕೊಟ್ಟರು. ಉತ್ತರವು ಹಟ್ಟಿಯ ಹತ್ತಿರವೇ ಇದ್ದಿತು. ಅದನ್ನು ಕಾಣಲು ಬೇರೊಂದು ಖಂಡದ ಕಾಡಿನ ಅನುಭವವೂ ನೆರವಾಯಿತು.

ಹಾಗೆಂದು ಕಥೆ ಮುಗಿದಿಲ್ಲ. 2024ರಲ್ಲಿಯೂ ಸಿದ್ದಾಪುರ ತಾಲ್ಲೂಕಿನಲ್ಲಿ ಮಂಗನ ಕಾಯಿಲೆ ಜೀವಗಳನ್ನು ಬಲಿತೆಗೆದುಕೊಂಡಿತು. ಹಳೆಯ ಲಸಿಕೆ ಸಾಲದಾಗಿ ಅದರ ಬಳಕೆ ನಿಂತಿತು. ಹೊಸದಕ್ಕಾಗಿ ಪ್ರಯೋಗಾಲಯಗಳು ಮತ್ತೆ ಜೊತೆಗೂಡಿವೆ. ಈ ಸರಪಳಿಯ ಮೊದಲ ಕೊಂಡಿ ಮಾತ್ರ ಇಂದಿಗೂ ಊರವರ ಕೈಯಲ್ಲಿಯೇ ಇದೆ: ಸತ್ತ ಮಂಗವನ್ನು ಕಂಡವರು ಅದನ್ನು ಮುಟ್ಟದೆ, ತಡಮಾಡದೆ, ಆರೋಗ್ಯ ಕೇಂದ್ರಕ್ಕೆ ಸುದ್ದಿ ಮುಟ್ಟಿಸಬೇಕು.