ಬೀಳು ಬಿಟ್ಟ ಜೊಂಡಿನ ಮಡಿ

ಫ್ರಾನ್ಸಿನ ಬೆಟ್ಟದ ಹಳ್ಳಿಗಳಲ್ಲಿ ಮನೆಗಳ ಸಾಲು ದಾಟಿ ಇಳಿಜಾರಿನ ಕೊನೆಗೆ ಹೋದರೆ, ಬೇಲಿಯೊಳಗೆ ಆಳೆತ್ತರ ಮೀರಿ ಬೆಳೆದ ಜೊಂಡುಹುಲ್ಲು ಎಷ್ಟೋ ಕಡೆ ಕಾಣುತ್ತದೆ. ನಮ್ಮ ಕೆರೆಯಂಚಿನ ಜೊಂಡನ್ನು ನೆನಪಿಸುವ ಹುಲ್ಲು ಅದು. ಊರಿನ ಬಚ್ಚಲು, ಪಾಯಿಖಾನೆಗಳ ನೀರೆಲ್ಲ ಶುದ್ಧವಾಗುವುದು ಅದರ ಬುಡದಲ್ಲೇ.

ಪೇಟೆಯ ಶುದ್ಧೀಕರಣ ಘಟಕಕ್ಕೆ ಹಗಲೂ ರಾತ್ರಿ ಗಾಳಿ ಊದುವ ಯಂತ್ರ ಬೇಕು, ಅದಕ್ಕೆ ಕರೆಂಟು ಬೇಕು, ನೋಡಿಕೊಳ್ಳಲು ನುರಿತ ಆಳು ಬೇಕು. ಮುನ್ನೂರು ಜನರ ಊರಿಗೆ ಇದು ಹೊರಲಾರದ ಹೊರೆ. ಸಸ್ಯಗಳ ನೆರವಿನಿಂದ ಕೊಳಚೆ ತಿಳಿಯಾಗಿಸುವ ಪ್ರಯೋಗಗಳನ್ನು ಜರ್ಮನಿಯಲ್ಲಿ ಕೇಟೆ ಜೈಡೆಲ್ 1950ರ ದಶಕದಲ್ಲಿ ಶುರುಮಾಡಿದ್ದರು. ಫ್ರಾನ್ಸಿನ ಸೆಮಾಗ್ರೆಫ್ ಸಂಶೋಧನಾ ಸಂಸ್ಥೆ ಆ ವಿಧಾನವನ್ನು ಹಳ್ಳಿಗೆ ಹೊಂದಿಸಿತು. ಅದರ ಲೆಕ್ಕ ಸರಳ: ತಲೆಗೆ ಸುಮಾರು 2 ಚದರ ಮೀಟರ್ ಜಾಗ. ಮುನ್ನೂರು ಜನಕ್ಕೆ 600 ಚದರ ಮೀಟರ್, ಅಂದರೆ ನಮ್ಮ ಆರು ಗುಂಟೆ.

ಬೆಟ್ಟದ ಊರಿಗೆ ಇಳಿಜಾರೇ ಬಂಡವಾಳ. ಕೊಳವೆಯಲ್ಲಿ ಬಂದ ನೀರು ಕಸ ತಡೆಯುವ ಕಂಬಿಗಳನ್ನು ದಾಟಿ ಒಂದು ತೊಟ್ಟಿಗೆ ಬೀಳುತ್ತದೆ. ತೊಟ್ಟಿಯೊಳಗೆ ಬೋರಲು ಹಾಕಿದ ಗಂಟೆಯಂಥ ಪಾತ್ರೆ, ಅದರ ನಡುವೆ ನಿಂತ ಕೊಳವೆ. ಸರಪಳಿ ಎಳೆಯುತ್ತಿದ್ದ ಹಳೇ ಎರಕದ ಕಬ್ಬಿಣದ ಫ್ಲಶ್ ತೊಟ್ಟಿ ನೆನಪಿದ್ದವರಿಗೆ ಇದರ ಒಳಗುಟ್ಟು ಗೊತ್ತು. ಇಲ್ಲಿ ಸರಪಳಿಯೂ ಬೇಡ. ನೀರು ಏರಿದಂತೆ ಗಂಟೆಯೊಳಗಿನ ಗಾಳಿ ಒತ್ತಿಕೊಳ್ಳುತ್ತದೆ. ಒಂದು ಮಟ್ಟ ಮುಟ್ಟಿದ್ದೇ ತಡ, ಗಾಳಿ ಹೊರನುಗ್ಗಿ, ಅದರ ಬೆನ್ನಿಗೇ ತೊಟ್ಟಿ ತುಂಬಿದ ನೀರು ಗಳಗಳನೆ ಜೊಂಡು ನೆಟ್ಟ ಜಲ್ಲಿಯ ಮಡಿಗೆ ಇಳಿದುಬಿಡುತ್ತದೆ. ನೀರಿನ ಮಟ್ಟ ಗಂಟೆಯ ಅಂಚಿಗಿಂತ ಕೆಳಗಿಳಿದಾಗ ಮತ್ತೆ ಗಾಳಿ ಹೊಕ್ಕು ಹರಿವು ನಿಲ್ಲುತ್ತದೆ. ಹನಿಹನಿಯಾಗಿ ಬಿಟ್ಟರೆ ಮಡಿಯ ಒಂದು ಮೂಲೆ ಮಾತ್ರ ನೆನೆಯುತ್ತಿತ್ತು. ಒಮ್ಮೆಗೇ ನುಗ್ಗಿದ ನೀರು ಮಡಿಯನ್ನೆಲ್ಲ ಆವರಿಸಿ, ಸಣ್ಣ ಜಲ್ಲಿಯೊಳಗೆ ಇಳಿಯುವಾಗ ಹಿಂದಿನಿಂದ ಹೊಸ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ಯಂತ್ರವಿಲ್ಲದೆ ಮಡಿ ಉಸಿರಾಡುವುದು ಹೀಗೆ.

ಕೊಳಚೆಯನ್ನು ಹುಲ್ಲು ಕುಡಿದುಬಿಡುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಹುಲ್ಲು ಹೀರುವುದು ಅಲ್ಪ. ಕೆಲಸ ಮಾಡುವವು ಜಲ್ಲಿಗೆ ಅಂಟಿ ಬದುಕುವ ಬ್ಯಾಕ್ಟೀರಿಯಾಗಳು. ಅಮೋನಿಯಾವನ್ನು ನೈಟ್ರೇಟ್ ಮಾಡುವ ಕೆಲಸಕ್ಕೆ ಅವಕ್ಕೆ ಗಾಳಿ ಬೇಕೇ ಬೇಕು. ಜೊಂಡಿನ ಉಪಕಾರ ಬೇರೆಯದು. ಮೇಲೆ ಹೆಪ್ಪುಗಟ್ಟಿದ ಗಸಿಯನ್ನು ಸೀಳಿಕೊಂಡು ಅದರ ಮೊಳಕೆ ಏಳುತ್ತದೆ. ಗಾಳಿಗೆ ದಂಟು ಓಲಾಡಿದಾಗ ಬುಡದ ಸುತ್ತ ಬಳೆಯಂಥ ಸಂದು ಬಿಟ್ಟುಕೊಳ್ಳುತ್ತದೆ. ನೀರು ಇಂಗಲು ಆ ಸಂದೇ ದಾರಿ.

ಆದರೂ ಒಂದೇ ಮಡಿಗೆ ದಿನವೂ ನೀರು ಬಿಟ್ಟರೆ ಅದು ಕಟ್ಟಿಕೊಂಡು ನಾರುತ್ತದೆ. ಅದಕ್ಕೇ ಎರಡು ಹಂತಗಳ ಪೈಕಿ ಮೊದಲನೆಯದರಲ್ಲಿ ಮೂರು ಮಡಿ. ಒಂದಕ್ಕೆ ಮೂರೂವರೆ ದಿನ ನೀರು, ಆಮೇಲೆ ಏಳು ದಿನ ಬಿಡುವು. ಹೊಲವನ್ನು ಬೀಳು ಬಿಟ್ಟಂತೆ. ಆ ಏಳು ದಿನಗಳಲ್ಲಿ ಗಸಿ ಒಣಗಿ ಬಿರುಕು ಬಿಡುತ್ತದೆ, ಅತಿಯಾಗಿ ಬೆಳೆದ ಬ್ಯಾಕ್ಟೀರಿಯಾಗಳು ಹಸಿವಿನಿಂದ ಕರಗುತ್ತವೆ, ಜಲ್ಲಿಯ ಸಂದುಗಳು ತೆರೆದುಕೊಳ್ಳುತ್ತವೆ. ಇಡೀ ವ್ಯವಸ್ಥೆಯ ಜೀವಾಳ ಈ ಬಿಡುವೇ ಎನ್ನುವುದು ನನ್ನ ಎಣಿಕೆ. ಅದನ್ನು ಕೊಡುವವರು ವಾರಕ್ಕೆರಡು ಸಲ ಬಂದು ವಾಲ್ವ್ ತಿರುಗಿಸಿ, ಕಂಬಿಗೆ ಸಿಕ್ಕ ಬಟ್ಟೆಚೂರು ಬಾಚಿ ಹೋಗುವ ಊರಿನ ಕೆಲಸಗಾರರು. ಒಂದು ಸರದಿ ತಪ್ಪಿದರೂ ಮಡಿಗೆ ಗೊತ್ತಾಗುತ್ತದೆ.

ಮೊದಲ ಹಂತದಿಂದ ಇಳಿದ ನೀರು ಎರಡನೆಯದರ ಮರಳಿನಲ್ಲಿ ಇನ್ನೊಮ್ಮೆ ಸೋಸಿ ಹಳ್ಳ ಸೇರುತ್ತದೆ. ಕುಡಿಯಲು ಅದು ಯೋಗ್ಯವಲ್ಲ. ರೋಗಾಣುಗಳು ಉಳಿದಿರುತ್ತವೆ, ನೈಟ್ರೇಟ್, ರಂಜಕವೂ ಬಹುಪಾಲು ಹಾಗೇ ಹೋಗುತ್ತವೆ. ಚಳಿಗಾಲದಲ್ಲಿ ಬ್ಯಾಕ್ಟೀರಿಯಾಗಳ ಕೆಲಸವೂ ನಿಧಾನ.

ಗಸಿ ವರ್ಷಕ್ಕೆ ಎರಡು ಮೂರು ಸೆಂಟಿಮೀಟರ್ ಮಾತ್ರ ಏರುತ್ತದೆ. ಹತ್ತು ಹದಿನೈದು ವರ್ಷಕ್ಕೊಮ್ಮೆ ಅದನ್ನು ಕೆರೆದು ತೆಗೆಯುವ ಹೊತ್ತಿಗೆ ಅದು ಕಪ್ಪನೆಯ, ಪುಡಿಪುಡಿಯಾದ ಮಣ್ಣಾಗಿರುತ್ತದೆ. ಪರೀಕ್ಷೆಯಲ್ಲಿ ಪಾಸಾದರೆ ಹೊಲಕ್ಕೆ ಗೊಬ್ಬರ. ಜೊಂಡನ್ನು ಮತ್ತೆ ನೆಡಬೇಕಿಲ್ಲ. ಜಲ್ಲಿಯೊಳಗೆ ಉಳಿದ ಗೆಡ್ಡೆಬೇರಿನಿಂದ ತಾನೇ ಚಿಗುರುತ್ತದೆ.