ಉಪ್ಪು ನೀರು ತೇಲಿಸತ್ತೆ ನಿಜ, ಆದ್ರೆ ಎಷ್ಟು?

ವೀಕೆಂಡ್‌ಗೆ ಗೋಕರ್ಣ, ಮಲ್ಪೆ ಅಂತ ಪ್ಲಾನ್ ಹಾಕ್ಕೊಂಡಿರೋರು ಇವತ್ತಿನ ಸಂಚಿಕೆ ಪೂರ್ತಿ ಕೇಳಿ. "ಸಮುದ್ರದ ನೀರು ಉಪ್ಪಲ್ವಾ, ಈಜು ಬರದಿದ್ರೂ ತೇಲ್ತೀವಿ ಬಿಡು ಮಗಾ" ಅನ್ನೋ ಮಾತನ್ನ ನೀವೂ ಕೇಳಿರ್ತೀರ. ಇದರಲ್ಲಿ ಸ್ವಲ್ಪ ನಿಜ ಇದೆ. ಆ ಸ್ವಲ್ಪ ಎಷ್ಟು ಅನ್ನೋದೇ ಪ್ರಶ್ನೆ.

ನಾನು ಕಾಮರ್ಸ್ ಓದಿದವನು, ಲೆಕ್ಕ ಹಾಕಿಯೇ ಹೇಳ್ತೀನಿ. ನೀರಲ್ಲಿ ನಮ್ಮ ದೇಹ ಎಷ್ಟು ಜಾಗ ಹಿಡಿಯತ್ತೋ, ಅಷ್ಟು ನೀರಿನ ತೂಕದ ಬಲ ನಮ್ಮನ್ನ ಮೇಲಕ್ಕೆ ತಳ್ಳತ್ತೆ. 60 ಕೆಜಿ ತೂಕದವರು ಹೆಚ್ಚೂಕಮ್ಮಿ 60 ಲೀಟರ್ ಜಾಗ ಹಿಡೀತಾರೆ. ಹಾಗಾಗಿ ಪೂರ್ತಿ ಮುಳುಗಿದಾಗ ಕೆರೆ ನೀರು 60 ಕೆಜಿಯಷ್ಟು ತಳ್ಳತ್ತೆ. ಸಮುದ್ರದ ಒಂದು ಲೀಟರ್ ನೀರಿನ ತೂಕ ಸುಮಾರು 1.025 ಕೆಜಿ. ಅಲ್ಲಿ ತಳ್ಳೋದು 61.5 ಕೆಜಿ. ಅಂದ್ರೆ ಉಪ್ಪಿನಿಂದ ಸಿಗೋ ಲಾಭ ಬರೀ ಒಂದೂವರೆ ಕೆಜಿ!

ಜನ ಪೇಪರ್ ಓದ್ತಾ ತೇಲೋ ಫೋಟೊ ನೋಡಿರ್ತೀರಲ್ಲ, ಅದು ಇಸ್ರೇಲ್, ಜೋರ್ಡಾನ್ ನಡುವಿನ ಮೃತ ಸಮುದ್ರ. ಅಲ್ಲಿ ಲೀಟರ್ ನೀರು ಸುಮಾರು 1.24 ಕೆಜಿ, ಅದೇ ದೇಹವನ್ನ 74 ಕೆಜಿಯಷ್ಟು ತಳ್ಳತ್ತೆ. ಅಲ್ಲೂ ಅಪಾಯ ಇಲ್ಲದಿಲ್ಲ. ಬೋರಲಾಗಿ ಬಿದ್ರೆ ಕಾಲು ಮೇಲೇಳತ್ತೆ, ಮುಖ ಎತ್ತೋದು ಕಷ್ಟ. ನಮ್ಮ ಅರಬ್ಬಿ ಸಮುದ್ರದಲ್ಲಂತೂ ಅಷ್ಟು ಉಪ್ಪೇ ಇಲ್ಲ.

ಈಗ ಮುಖ್ಯ ವಿಷಯ. ನೀರು ತಳ್ಳೋದು ನೀರೊಳಗಿರೋ ಭಾಗವನ್ನ ಮಾತ್ರ. ನಮ್ಮ ತಲೆ ನಾಲ್ಕೈದು ಕೆಜಿ ಇರತ್ತೆ. ತಲೆ ಪೂರ್ತಿ ಹೊರಗೆತ್ತಿದ್ರೆ ಆ ಭಾರಕ್ಕೆ ಒಂದೂವರೆ ಕೆಜಿ ಲಾಭ ಎಲ್ಲಿ ಸಾಲತ್ತೆ? "ಕಾಪಾಡಿ" ಅಂತ ಎರಡೂ ಕೈ ಎತ್ತಿದ್ರೆ ಇನ್ನೊಂದು ಆರು ಕೆಜಿ ಭಾರ. ಗಾಬರಿಯಲ್ಲಿ ಎಲ್ಲರೂ ಮಾಡೋದು ಇದನ್ನೇ.

ಹಾಗಾದ್ರೆ ಏನ್ ಮಾಡ್ಬೇಕು? ಅಂಗಾತ ಮಲಗಿ. ಕಿವಿ ನೀರೊಳಗೇ ಇರಲಿ, ಮೂಗು ಬಾಯಿ ಹೊರಗಿದ್ರೆ ಸಾಕು. ಎದೆ ತುಂಬ ಉಸಿರು ತಗೊಳ್ಳಿ. ಕೈ ನೀರಲ್ಲೇ ಇಟ್ಟು ನಿಧಾನಕ್ಕೆ ಆಡಿಸಿ.

ಇನ್ನೊಂದು, ಸಮುದ್ರ ನಿಂತ ನೀರಲ್ಲ. ದಡಕ್ಕೆ ಬಂದ ಅಲೆಯ ನೀರು ಕಿರಿದಾದ ದಾರಿಯಲ್ಲಿ ಜೋರಾಗಿ ವಾಪಸ್ ಹೋಗತ್ತೆ, ಅದೇ ರಿಪ್ ಕರೆಂಟ್. ಅಲೆ ಒಡೆಯದೆ ಶಾಂತವಾಗಿ ಕಾಣೋ ಜಾಗದಲ್ಲೇ ಇದು ಇರಬಹುದು. ಸಿಕ್ಕಿಬಿದ್ರೆ ದಡದ ಕಡೆ ನೇರ ಈಜಿ ಸುಸ್ತಾಗ್ಬೇಡಿ. ಮೊದಲು ತೇಲಿ, ಶಕ್ತಿ ಇದ್ರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ದಾಟಿದ ಮೇಲೆ ದಡಕ್ಕೆ ಬನ್ನಿ.

2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಹುಡುಗಿಯರು ಸಮುದ್ರದ ಪಾಲಾದರು. ಕಡಲು ಕಾಣದ ಊರಿಂದ ಬರೋ ನಮ್ಮಂಥವರಿಗೆ ನೀರಿನ ಗುಣ ಗೊತ್ತಿರಲ್ಲ. ಲೈಫ್‌ಗಾರ್ಡ್ ಬೇಡ ಅಂದ್ರೆ, ಕೆಂಪು ಬಾವುಟ ಇದ್ರೆ ಇಳೀಬೇಡಿ.

ಫ್ರೆಂಡ್ ಮುಳುಗ್ತಿದ್ರೆ ಹಿಂದೇನೇ ಹಾರ್ಬೇಡಿ. ಲೈಫ್‌ಗಾರ್ಡ್‌ನ ಕೂಗಿ, 112ಕ್ಕೆ ಕಾಲ್ ಮಾಡಿ, ಮುಚ್ಚಳ ಬಿಗಿ ಮಾಡಿದ ಖಾಲಿ ಕ್ಯಾನ್ ಎಸೀರಿ. ಐದು ಲೀಟರಿನ ಕ್ಯಾನ್ ಹೆಚ್ಚೂಕಮ್ಮಿ ಐದು ಕೆಜಿ ಹೊರತ್ತೆ. ಒಂದು ತಲೆಯನ್ನ ನೀರಿನ ಮೇಲಿಡೋಕೆ ಅಷ್ಟು ಸಾಕು.

ಟ್ರಿಪ್ ಹೊರಡೋ ಮುಂಚೆ ಈ ಎಪಿಸೋಡನ್ನ ನಿಮ್ಮ ಗ್ಯಾಂಗಿನ ಗ್ರೂಪಿಗೆ ಹಾಕಿ. ಮುಂದಿನ ವಾರ ಸಿಗೋಣ.